ಡಿಂಗಿ ಹಾಯಿದೋಣಿ ಕಲಿಕೆ: ಅರ್ಜಿಯಿಂದ ಲಾಗ್‌ಬುಕ್ಕಿನ ಸಹಿಯವರೆಗೆ

ಡಿಂಗಿ ಎಂದು ಕರೆಯುವ ಸಣ್ಣ ಹಾಯಿದೋಣಿಯನ್ನು ನಡೆಸುವ ಆರಂಭಿಕ ತರಬೇತಿಯನ್ನೂ ಅದರ ನಂತರದ ಸೀಮನ್‌ಶಿಪ್, ಅಂದರೆ ದೋಣಿಯನ್ನು ಎಲ್ಲ ಸ್ಥಿತಿಯಲ್ಲೂ ನಿಭಾಯಿಸುವ ಕೌಶಲದ ಹಂತವನ್ನೂ ಮೊನ್ನೆಯಷ್ಟೇ ಮುಗಿಸಿದ್ದೇನೆ. ಸೇರುವ ಮುನ್ನ ನಾನು ಓದಿದ್ದರಲ್ಲಿ ದೋಣಿಯ ಭಾಗಗಳ ಚಿತ್ರಗಳು, ಹಾಯಿಯ ಮೂಲೆಗಳ ಹೆಸರುಗಳು ಬೇಕಾದಷ್ಟಿದ್ದವು. ಆದರೆ ಎಷ್ಟು ಕಾಯಬೇಕಾಗುತ್ತದೆ, ಯಾವ ಕಾಗದಪತ್ರಗಳನ್ನು ಕೇಳುತ್ತಾರೆ, ಹಣ ಎಲ್ಲೆಲ್ಲಿ ಖರ್ಚಾಗುತ್ತದೆ, ಭಯ ಯಾವ ಹೊತ್ತಿನಲ್ಲಿ ಎದುರಾಗುತ್ತದೆ ಎಂಬುದನ್ನು ಯಾರೂ ಬರೆದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ವಿದ್ಯೆಯ ನಿಜವಾದ ಕಷ್ಟ ದೋಣಿಯನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವುದರಲ್ಲಿದೆ ಎಂಬ ಮಾತು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಮುಂದೆ ಸೇರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಸೇರಿದ ಶಾಲೆ ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ರೂಪಿಸಿದ ಪಠ್ಯಕ್ರಮವನ್ನು ಅನುಸರಿಸುತ್ತದೆ. ಬೇರೆ ಬೇರೆ ದೇಶಗಳಲ್ಲಿಯೂ ಇದೇ ಪಠ್ಯಕ್ರಮವನ್ನು ಹೇಳಿಕೊಡುವ ಶಾಲೆಗಳಿವೆ. ಇದರಲ್ಲಿ ಮೊದಲ ಹಂತ, ಎರಡನೆಯ ಹಂತ ಎಂದು ಆರಂಭಿಕರಿಗೆ ಎರಡು ಮೆಟ್ಟಿಲು. ಅವನ್ನು ದಾಟಿದವರಿಗೆ ಸೀಮನ್‌ಶಿಪ್, ದಿನಪೂರ್ತಿ ಪ್ರಯಾಣ, ಸ್ಪಿನೇಕರ್ ಎಂಬ ದೊಡ್ಡ ಉಬ್ಬುಹಾಯಿಯ ಬಳಕೆ, ಪಂದ್ಯ ಹೀಗೆ ಬೇರೆ ಬೇರೆ ವಿಭಾಗಗಳು. ಒಂದೊಂದು ಹಂತಕ್ಕೂ ಸಾಮಾನ್ಯವಾಗಿ ಎರಡು ದಿನ ಎಂದು ಮಾಹಿತಿಪತ್ರದಲ್ಲಿ ಬರೆದಿರುತ್ತಾರೆ. ಆ ಲೆಕ್ಕವನ್ನು ನಂಬಿ ರಜೆ ಹಾಕಬೇಡಿ. ಗಾಳಿ ಜೋರಾದರೆ ಹೊಸಬರನ್ನು ನೀರಿಗಿಳಿಸುವುದಿಲ್ಲ, ಗಾಳಿ ಬಿದ್ದುಹೋದರೆ ಇಳಿಸಿಯೂ ಪ್ರಯೋಜನವಿಲ್ಲ. ನನ್ನ ಮೊದಲ ಹಂತವೇ ಗಾಳಿ ಹೆಚ್ಚಾಯಿತೆಂದು ಒಮ್ಮೆ, ಗಾಳಿಯೇ ಇಲ್ಲವೆಂದು ಇನ್ನೊಮ್ಮೆ ಮುಂದಕ್ಕೆ ಹೋಯಿತು. ಸೀಮನ್‌ಶಿಪ್ ವಿಭಾಗದ ಕಾಯುವಿಕೆ ಇನ್ನೂ ದೀರ್ಘವಾಗಿತ್ತು, ಏಕೆಂದರೆ ಆರಂಭಿಕ ತರಗತಿಗಳಿಗೆ ಸೇರುವಷ್ಟು ಜನ ಅದಕ್ಕೆ ಸೇರುವುದಿಲ್ಲ, ಕನಿಷ್ಠ ಸಂಖ್ಯೆ ತುಂಬುವವರೆಗೆ ಶಾಲೆಯವರು ತರಗತಿಯನ್ನು ಆರಂಭಿಸುವುದಿಲ್ಲ. ಎರಡನೆಯ ಹಂತ ಮುಗಿಯುವ ಮುನ್ನವೇ ಮುಂದಿನದಕ್ಕೆ ಹೆಸರು ಬರೆಸಿಟ್ಟರೆ ಈ ಕಾಯುವಿಕೆ ಎಷ್ಟೋ ಕಡಿಮೆಯಾಗುತ್ತದೆ.

ಕಾಗದಪತ್ರಗಳ ವಿಷಯ ಸರಳ, ಆದರೆ ಅವಸರದಲ್ಲಿ ತುಂಬುವಂಥದ್ದಲ್ಲ. ಈಜಿನ ಪ್ರಮಾಣಪತ್ರವನ್ನು ನನ್ನಿಂದ ಕೇಳಲಿಲ್ಲ. ತೇಲುಕವಚ ತೊಟ್ಟು ನೀರಿಗೆ ಬಿದ್ದರೆ ಗಾಬರಿಯಾಗದೆ ಸ್ವಲ್ಪ ದೂರ ಈಜಬಲ್ಲೆ ಎಂಬ ಲಿಖಿತ ಹೇಳಿಕೆಯನ್ನು ಮಾತ್ರ ಕೇಳಿದರು. ಆರೋಗ್ಯದ ಪ್ರಶ್ನಾವಳಿಯಲ್ಲಿ ಉಬ್ಬಸ, ಅಪಸ್ಮಾರ, ಹೃದಯದ ತೊಂದರೆ, ಮಧುಮೇಹ, ಹಳೆಯ ಭುಜದ ನೋವು, ಸೇವಿಸುತ್ತಿರುವ ಔಷಧಿಗಳು ಎಲ್ಲವನ್ನೂ ಬರೆಯಬೇಕು. ಇದನ್ನು ಬರೆದರೆ ಎಲ್ಲಿ ಸೇರಿಸಿಕೊಳ್ಳುವುದಿಲ್ಲವೋ ಎಂದು ಮುಚ್ಚಿಡುವವರಿದ್ದಾರೆ. ನಮ್ಮ ತಂಡದಲ್ಲಿದ್ದ ಉಬ್ಬಸದವರೊಬ್ಬರು ಬರೆದಿದ್ದರಿಂದಲೇ ಅವರ ಇನ್ಹೇಲರ್ ಜಲನಿರೋಧಕ ಚೀಲದಲ್ಲಿ ರಕ್ಷಣಾ ದೋಣಿಯಲ್ಲಿ ಸದಾ ಸಿದ್ಧವಿತ್ತು. ಇದಲ್ಲದೆ ತುರ್ತು ಸಂಪರ್ಕದ ವಿವರ, ಅಪಾಯದ ಅರಿವಿದೆ ಎಂಬ ಒಪ್ಪಿಗೆಪತ್ರ, ಹದಿನೆಂಟು ತುಂಬದವರಾದರೆ ಪೋಷಕರ ಸಹಿ ಬೇಕು. ಹಣ ಕಟ್ಟುವ ಮುನ್ನ ನೀವೇ ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ. ಒಬ್ಬ ಬೋಧಕರಿಗೆ ಎಷ್ಟು ಕಲಿಯುವವರು, ರಕ್ಷಣಾ ದೋಣಿ ಸದಾ ನೀರಿನಲ್ಲಿರುತ್ತದೆಯೇ, ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ಉಡುಪು) ಶುಲ್ಕದಲ್ಲಿ ಸೇರಿದೆಯೇ, ಗಾಳಿಯ ಕಾರಣಕ್ಕೆ ತರಗತಿ ರದ್ದಾದರೆ ಹಣ ಹಿಂದಿರುಗುತ್ತದೆಯೇ ಅಥವಾ ಬೇರೆ ದಿನ ಕೊಡುತ್ತಾರೆಯೇ, ಇವಿಷ್ಟಕ್ಕೆ ಸ್ಪಷ್ಟ ಉತ್ತರ ಸಿಗದ ಕಡೆ ಶುಲ್ಕ ಎಷ್ಟೇ ಕಡಿಮೆಯಿದ್ದರೂ ನಾನಾದರೆ ಸೇರುವುದಿಲ್ಲ.

ಉಡುಪಿನ ವಿಷಯದಲ್ಲಿ ಒಂದು ಸಲಹೆ. ತೇಲುಕವಚವನ್ನು ಶಾಲೆಯೇ ಕೊಡುತ್ತದೆ. ಡಿಂಗಿಯಲ್ಲಿ ಬಳಸುವುದು ಸಾಮಾನ್ಯವಾಗಿ 50 ನ್ಯೂಟನ್ ತೇಲುಬಲದ ಬಾಯನ್ಸಿ ಏಡ್. ಇದು ಪ್ರಜ್ಞೆಯಿರುವ, ಈಜಬಲ್ಲ ವ್ಯಕ್ತಿಗೆ ನೆರವಾಗುತ್ತದೆಯೇ ಹೊರತು ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಭರವಸೆ ಕೊಡುವುದಿಲ್ಲ. ಅದಕ್ಕೆ ಬೇಕಾದದ್ದು 150 ನ್ಯೂಟನ್ನಿನ ಲೈಫ್ ಜಾಕೆಟ್, ಆದರೆ ಅದನ್ನು ತೊಟ್ಟು ಮಗುಚಿದ ದೋಣಿಯ ಸುತ್ತ ಈಜುವುದು ಕಷ್ಟ. ಹೀಗಾಗಿ ಕವಚ ಮೈಗೆ ಬಿಗಿಯಾಗಿ ಕೂರುವುದು ಬಹಳ ಮುಖ್ಯ: ಭುಜದ ಪಟ್ಟಿಗಳನ್ನು ಹಿಡಿದು ಇನ್ನೊಬ್ಬರಿಂದ ಮೇಲಕ್ಕೆ ಎಳೆಸಿ ನೋಡಿ, ಅದು ಗಲ್ಲದವರೆಗೆ ಬಂದರೆ ಅಳತೆ ಸರಿಯಿಲ್ಲ. ನೀರು ತಣ್ಣಗಿರುವ ಕಡೆ ವೆಟ್‌ಸೂಟ್ ಇಲ್ಲದೆ ಇಳಿಯಬಾರದು. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬೆರಳು ಮುಚ್ಚುವ ಪಾದರಕ್ಷೆ, ಹಗ್ಗ ಹಿಡಿಯಲು ಕೈಗವಸು, ಕನ್ನಡಕದವರಿಗೆ ಹಿಂಬದಿಯ ದಾರ, ಇವನ್ನು ಮಾತ್ರ ನಾನು ಕೊಂಡುಕೊಂಡೆ. ಉಳಿದದ್ದನ್ನು ಎರಡನೆಯ ಹಂತ ಮುಗಿಯುವವರೆಗೆ ಕೊಳ್ಳುವ ಅಗತ್ಯವಿಲ್ಲ.

ಮೊದಲ ಹಂತವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಎಲ್ಲೆಡೆ ಓದಲು ಸಿಗುತ್ತದೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಆ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ದೋಣಿಗೆ ನಿಷಿದ್ಧ. ಅಲ್ಲಿಗೇ ಹೋಗಬೇಕಾದರೆ ಅಂಕುಡೊಂಕಾಗಿ, ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ಮೂತಿಯನ್ನು ತಿರುಗಿಸುತ್ತ ಹೋಗಬೇಕು. ಮೂತಿ ಗಾಳಿಯನ್ನು ದಾಟುವಂತೆ ತಿರುಗಿಸಿದರೆ ಟ್ಯಾಕ್, ಹಿಂಬದಿ ದಾಟುವಂತೆ ತಿರುಗಿಸಿದರೆ ಜೈಬ್. ಟ್ಯಾಕ್ ಸೌಮ್ಯ. ಜೈಬ್‌ನಲ್ಲಿ ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಕೋಲು, ಕಣ್ಣುಮುಚ್ಚಿ ತೆರೆಯುವುದರೊಳಗೆ ಈ ಬದಿಯಿಂದ ಆ ಬದಿಗೆ ಬೀಸಿ ಹೋಗುತ್ತದೆ, ತಲೆ ಅಡ್ಡವಿದ್ದರೆ ಪೆಟ್ಟು ಖಚಿತ. ಹಾಯಿಯ ಹೊಂದಾಣಿಕೆ, ಎಡಬಲದ ಸಮತೋಲ, ಹಿಂದುಮುಂದಿನ ಸಮತೋಲ, ಸೆಂಟರ್‌ಬೋರ್ಡಿನ, ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಹಲಗೆಯ ಆಳ, ಸಾಗಬೇಕಾದ ದಾರಿ, ಈ ಐದನ್ನು ದಿಕ್ಕು ಬದಲಾದಾಗಲೆಲ್ಲ ಮತ್ತೆ ಪರಿಶೀಲಿಸಬೇಕು. ಹಾಯಿಯ ಮೇಲೆ ಅಂಟಿಸಿರುವ ಉಣ್ಣೆಯ ಎಳೆಗಳನ್ನು ನೋಡುವ ಅಭ್ಯಾಸ ಬಂದ ದಿನ ನನಗೆ ಗಾಳಿ ಕಣ್ಣಿಗೆ ಕಂಡಂತಾಯಿತು: ಎರಡೂ ಬದಿಯ ಎಳೆಗಳು ಹಿಂದಕ್ಕೆ ನೇರವಾಗಿ ಹರಿಯುತ್ತಿದ್ದರೆ ಹಾಯಿ ಸರಿಯಾಗಿದೆ, ಒಳಬದಿಯದು ಕುಣಿದರೆ ಹಗ್ಗವನ್ನು ಎಳೆಯಬೇಕು, ಹೊರಬದಿಯದು ಕುಣಿದರೆ ಬಿಡಬೇಕು.

ಯಾವ ದೋಣಿಯಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಹಲವು ಉತ್ತರಗಳಿವೆ. ಮಕ್ಕಳಿಗೆ 1947ರಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ, ಸುಮಾರು 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ಈಗಲೂ ಮೊದಲ ಆಯ್ಕೆ. ದೊಡ್ಡವರಲ್ಲಿ ಅನೇಕರು ಬ್ರೂಸ್ ಕರ್ಬಿ ವಿನ್ಯಾಸದ, ಒಬ್ಬರೇ ನಡೆಸುವ ಲೇಸರ್ ದೋಣಿಯಿಂದ ಆರಂಭಿಸಬೇಕೆನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ವೇಗ ಮತ್ತು ಸಮತೋಲವನ್ನು ಕಲಿಸುವುದರಲ್ಲಿ ಲೇಸರನ್ನು ಮೀರಿಸುವುದು ಕಷ್ಟವೇ ಸರಿ. ಆದರೆ ಸೀಮನ್‌ಶಿಪ್ ಕಲಿಯಬೇಕೆಂಬ ಉದ್ದೇಶವಿದ್ದರೆ ಎರಡು ಹಾಯಿಗಳಿರುವ, ಇಬ್ಬರು ಮೂವರು ಕೂರಬಹುದಾದ, ಇಯಾನ್ ಪ್ರಾಕ್ಟರ್ 1957ರಲ್ಲಿ ರೂಪಿಸಿದ ವೇಫೇರರ್‌ನಂಥ ಅಗಲವಾದ ದೋಣಿಯಲ್ಲಿ ಕಲಿಯಿರಿ. ಜಿಬ್ ಎಂಬ ಮುಂದಿನ ಸಣ್ಣ ಹಾಯಿ ಇಲ್ಲದ ದೋಣಿಯಲ್ಲಿ ಮುಂದೆ ಹೇಳಲಿರುವ ಪಾಠಗಳಲ್ಲಿ ಅರ್ಧದಷ್ಟನ್ನು ಕಲಿಯಲು ಸಾಧ್ಯವೇ ಇಲ್ಲ.

ಎರಡನೆಯ ಹಂತದಲ್ಲಿ ದೋಣಿಯನ್ನು ಬೇಕೆಂದೇ ಮಗುಚಿಸುತ್ತಾರೆ. ಇದರ ಬಗ್ಗೆ ವಿವರವಾಗಿ ಬರೆಯಲೇಬೇಕು, ಏಕೆಂದರೆ ಹಿಂದಿನ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ ಮತ್ತು ನನ್ನ ಜೊತೆಗಾರರಿಗೂ ಅದೇ ಸ್ಥಿತಿ ಇತ್ತೆಂದು ಆಮೇಲೆ ತಿಳಿಯಿತು. ಇಳಿಯುವ ಮುನ್ನ ಬೋಧಕರು ದೋಣಿಯ ಹಿಂಬದಿಯ ತಳದಲ್ಲಿರುವ, ಹೆಬ್ಬೆರಳ ಗಾತ್ರದ ಬಿರಡೆಯನ್ನು ಪ್ರತಿಯೊಬ್ಬರಿಂದಲೂ ಕೈಯಿಂದ ತಿರುಗಿಸಿ ನೋಡಿಸಿದರು. ದೋಣಿಯ ಗಾಳಿತೊಟ್ಟಿಯೊಳಗೆ ಸೇರಿದ ನೀರನ್ನು ದಡದಲ್ಲಿ ಹೊರಬಿಡಲು ಇರುವ ರಂಧ್ರವನ್ನು ಮುಚ್ಚುವ ಬಿರಡೆ ಅದು. ಅದು ಸಡಿಲವಾಗಿದ್ದರೆ ತೇಲಬೇಕಾದ ತೊಟ್ಟಿಯಲ್ಲಿ ಸದ್ದಿಲ್ಲದೆ ನೀರು ತುಂಬಿ, ಮಗುಚಿದ ದೋಣಿಯನ್ನು ಎಷ್ಟು ಜನ ಜಗ್ಗಿದರೂ ಎಬ್ಬಿಸಲಾಗುವುದಿಲ್ಲ. ಚುಕ್ಕಾಣಿಯು ದೋಣಿಯಿಂದ ಕಳಚಿ ಬೀಳದಂತೆ ತಡೆಯುವ ಸ್ಪ್ರಿಂಗ್ ಪಟ್ಟಿಯನ್ನೂ ಹಾಗೆಯೇ ಒತ್ತಿ ನೋಡಿಸಿದರು.

ದೋಣಿ ವಾಲುತ್ತ ಹೋಗಿ ಕೊನೆಗೊಮ್ಮೆ ನೀರಿಗೆ ಬೀಳುವಾಗ ಸದ್ದೇ ಇರುವುದಿಲ್ಲ. ಅಲ್ಲಿಯವರೆಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಹಾಯಿ ನೀರಿನ ಮೇಲೆ ಒರಗಿದ ಕೂಡಲೇ ಸುಮ್ಮನಾಗುತ್ತದೆ. ತಣ್ಣೀರಿಗೆ ಮೈ ಹೊಕ್ಕಾಗ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಎದೆ ಬಿಗಿಯುತ್ತದೆ. ಒಂದೆರಡು ನಿಮಿಷದಲ್ಲಿ ಅದು ಇಳಿಯುತ್ತದೆ, ಅಲ್ಲಿಯವರೆಗೆ ದೋಣಿಯನ್ನು ಹಿಡಿದುಕೊಂಡು ಬಾಯಿಯನ್ನು ನೀರಿನಿಂದ ಮೇಲಿಟ್ಟುಕೊಂಡಿರುವುದಷ್ಟೇ ಕೆಲಸ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕೂಗಿ ಮಾತಾಡಿಸಬೇಕು. ಒಬ್ಬರು ಮೇನ್‌ಶೀಟ್ ಎಂಬ ದೊಡ್ಡ ಹಾಯಿಯ ಹಗ್ಗವನ್ನು ಕೈಬಿಡದೆ ಹಿಂಬದಿಯಿಂದ ಸುತ್ತಿ ತಳದ ಸೆಂಟರ್‌ಬೋರ್ಡಿನ ಕಡೆಗೆ ಈಜುತ್ತಾರೆ. ಇನ್ನೊಬ್ಬರು ಒಳಬದಿಯಲ್ಲಿದ್ದು, ಹಾಯಿಗಳ ಹಗ್ಗಗಳು ಹಿಡಿಕೆಗಳಿಂದ ಬಿಡಿಸಿಕೊಂಡಿವೆಯೇ ಎಂದು ನೋಡಿ, ಜಿಬ್‌ನ ಹಗ್ಗವನ್ನು ಮೇಲಿನ ಅಂಚಿನಿಂದ ಆಚೆಗೆ ಎಸೆದು, ದೋಣಿಯೊಳಗೆ ನೀರಿನಲ್ಲಿ ಅಂಗಾತ ತೇಲುತ್ತಾರೆ. ಹೊರಗಿನವರು ಬೋರ್ಡನ್ನೇರಿ, ಆ ಹಗ್ಗ ಹಿಡಿದು ಹಿಂದಕ್ಕೆ ಮೈಯೊರಗಿಸುತ್ತಾರೆ. ತೋಳಿನ ಬಲದಿಂದ ಎಳೆಯಬಾರದು, ಮೈಭಾರ ತಾನೇ ಕೆಲಸ ಮಾಡಬೇಕು. ಬಹಳ ಹೊತ್ತು ಏನೂ ಆಗುವುದಿಲ್ಲ ಎನಿಸುತ್ತದೆ. ಹಾಯಿಯ ಮೇಲಿನ ನೀರು ಜಾರುತ್ತಿದ್ದಂತೆ ಹಾಯಿ ಕಟ್ಟುವ ನಿಲುಗಂಬವಾದ ಕೂವೆಮರದ ತುದಿ ನಿಧಾನವಾಗಿ ಮೇಲೆದ್ದು, ಆಮೇಲೆ ಇದ್ದಕ್ಕಿದ್ದಂತೆ ದೋಣಿ ನೆಟ್ಟಗಾಗುತ್ತದೆ. ಒಳಗೆ ತೇಲುತ್ತಿದ್ದವರನ್ನು ದೋಣಿಯೇ ಮೊಗೆದುಕೊಂಡು ಮೇಲೇಳುತ್ತದೆ. ಕೂವೆಮರ ಗಾಳಿ ಬರುವ ಕಡೆಗೆ ಬಿದ್ದಿದ್ದರೆ ಮಾತ್ರ ಅವಸರ ಮಾಡಬಾರದು: ಎದ್ದ ಕೂಡಲೇ ಹಾಯಿಯಡಿಗೆ ಗಾಳಿ ನುಗ್ಗಿ ದೋಣಿ ಆಚೆಗೆ ಮತ್ತೆ ಮಗುಚುತ್ತದೆ. ಮೊದಲು ಮೂತಿಯನ್ನು ಗಾಳಿಗೆ ತಿರುಗಿಸಬೇಕು.

ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ದೋಣಿ ಪೂರ್ತಿ ತಲೆಕೆಳಗಾದಾಗ ಅಡಿಯಿಂದ ಹೊರಬರುವ ಅಭ್ಯಾಸ. ತೇಲುಕವಚ ಮೈಯನ್ನು ದೋಣಿಯ ತಳಕ್ಕೆ ಒತ್ತಿ ಹಿಡಿಯುತ್ತದೆ, ಸುತ್ತ ಹಗ್ಗಗಳು ಜೋತಾಡುತ್ತವೆ, ಬೆಳಕು ಹಸಿರಾಗಿ ಮಂಕಾಗುತ್ತದೆ. ಬೋಧಕರು ಕಲಿಸಿದ್ದು ಇಷ್ಟೇ: ಅಂಚನ್ನು ಕೈಯಿಂದ ಹುಡುಕು, ಆ ಅಂಚಿನ ಕೆಳಗೆ ನಿನ್ನನ್ನು ನೀನೇ ಎಳೆದುಕೊಂಡು ಹೊರಗೆ ಬಾ. ಹಾಯಿಯ ಅಡಿಯಲ್ಲಿ ಸಿಲುಕಿದರೆ ಅಂಗೈಯಿಂದ ಬಟ್ಟೆಯನ್ನು ಮೇಲಕ್ಕೆ ತಳ್ಳಿದರೆ ಉಸಿರಾಡುವಷ್ಟು ಜಾಗ ಸಿಗುತ್ತದೆ, ಬಟ್ಟೆಯ ಹೊಲಿಗೆಯ ಗೆರೆಯೊಂದನ್ನು ಹಿಡಿದು ಕೈಮೇಲೆ ಕೈಯಿಟ್ಟು ಸಾಗಿದರೆ ಅಂಚು ಸಿಗುತ್ತದೆ. ಹೊರಬಂದು ಉಸಿರೆಳೆದಾಗ ಕಣ್ಣಲ್ಲಿ ನೀರು ಬಂದಿತ್ತು. ಆ ದಿನದ ನಂತರ ಗಾಳಿ ಜೋರಾದಾಗ ನನ್ನ ಕೈ ಟಿಲ್ಲರನ್ನು, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲನ್ನು, ಮೊದಲಿನಷ್ಟು ಬಿಗಿಯಾಗಿ ಹಿಡಿಯಲಿಲ್ಲ. ಮಗುಚುವ ಅಭ್ಯಾಸವನ್ನು ಐಚ್ಛಿಕ ಎಂದು ಹೇಳುವ ಕಡೆ ನೀವೇ ಒತ್ತಾಯಿಸಿ ಮಾಡಿಸಿಕೊಳ್ಳಿ. ಮತ್ತು ಏನೇ ಆದರೂ ದೋಣಿಯನ್ನು ಬಿಟ್ಟು ದಡಕ್ಕೆ ಈಜಬೇಡಿ. ದಡ ಕಣ್ಣಿಗೆ ತೋರಿದಷ್ಟು ಹತ್ತಿರ ಇರುವುದಿಲ್ಲ, ನೀರಿನಲ್ಲಿ ಒಂಟಿ ತಲೆಗಿಂತ ಮಗುಚಿದ ದೋಣಿ ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ.

ಎರಡನೆಯ ಹಂತಕ್ಕೂ ಸೀಮನ್‌ಶಿಪ್ ವಿಭಾಗಕ್ಕೂ ನಡುವಿನ ಬಿಡುವು ನನಗೆ ಮೊದಲು ಬೇಸರ ತಂದಿತ್ತು. ಆ ಅವಧಿಯನ್ನು ಗಂಟುಗಳಿಗೆ ಕೊಟ್ಟೆ. ಹಗ್ಗದ ತುದಿ ತೂತಿನಿಂದ ಜಾರಿಹೋಗದಂತೆ ತಡೆಯುವ ಎಂಟರಾಕಾರದ ಗಂಟು, ಎಳೆದಷ್ಟೂ ಬಿಗಿಯಾಗದೆ, ಎಳೆತ ನಿಂತ ಮೇಲೆ ಸುಲಭವಾಗಿ ಬಿಚ್ಚಬಹುದಾದ ಬೋಲೈನ್ ಕುಣಿಕೆ, ಕಂಬಕ್ಕೆ ಒಂದು ಪೂರ್ಣ ಸುತ್ತು ಹಾಕಿ ಮೇಲೆ ಎರಡು ಅರ್ಧಗಂಟು ಬಿಗಿಯುವುದು, ಈ ಮೂರು ಕಣ್ಣುಮುಚ್ಚಿ ಬರಬೇಕು. ಮೂರನೆಯದರಲ್ಲಿ ಆ ಪೂರ್ಣ ಸುತ್ತೇ ದೋಣಿಯ ಎಳೆತವನ್ನು ಹೊರುವುದರಿಂದ, ಗಾಳಿಯ ಎಳೆತದ ನಡುವೆಯೂ ಗಂಟನ್ನು ನಿಧಾನವಾಗಿ ಹಾಕಬಹುದು, ಬಿಚ್ಚಲೂಬಹುದು. ಒಣ ಹಗ್ಗದಲ್ಲಿ ಕಲಿತು ಸುಮ್ಮನಾಗಬೇಡಿ. ಹಗ್ಗವನ್ನು ನೆನೆಸಿ, ಕೈಗವಸು ತೊಟ್ಟು, ನಿಂತ ನಿಲುವಿನಲ್ಲಿ ಒಂದೇ ಕೈಯಿಂದ ಹಾಕಲು ಪ್ರಯತ್ನಿಸಿ.

ಇದೇ ಬಿಡುವಿನಲ್ಲಿ ದಾರಿಯ ನಿಯಮಗಳನ್ನೂ ಓದಿಕೊಂಡೆ. ಸಮುದ್ರದಲ್ಲಿ ಘರ್ಷಣೆ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದವು. ಹಾಯಿದೋಣಿಗಳ ನಡುವಿನ ನಿಯಮ ನೆನಪಿಡಲು ಸುಲಭ: ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ, ಬಲಬದಿಯಿಂದ ಪಡೆಯುತ್ತಿರುವುದಕ್ಕೆ ದಾರಿ ಬಿಡಬೇಕು, ಎರಡಕ್ಕೂ ಒಂದೇ ಬದಿಯಿಂದ ಗಾಳಿ ಬರುತ್ತಿದ್ದರೆ ಗಾಳಿ ಬರುವ ಕಡೆಯಲ್ಲಿರುವ ದೋಣಿ ಇನ್ನೊಂದಕ್ಕೆ ದಾರಿ ಬಿಡಬೇಕು, ಹಿಂದಿನಿಂದ ಬಂದು ದಾಟುವವರು ಯಾರೇ ಆಗಿರಲಿ, ಮುಂದಿರುವವರಿಂದ ದೂರ ಸರಿದು ದಾಟಬೇಕು. ಯಂತ್ರದ ದೋಣಿಗಳು ಹಾಯಿಗೆ ದಾರಿ ಬಿಡುತ್ತವೆ ಎಂಬ ಮಾತನ್ನು ಮಾತ್ರ ಪೂರ್ತಿ ನೆಚ್ಚಿಕೊಳ್ಳಬಾರದು. ಕಿರಿದಾದ ಕಾಲುವೆಯಲ್ಲಿ ಮಾತ್ರ ಸುರಕ್ಷಿತವಾಗಿ ಸಾಗಬಲ್ಲ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡಿಯಾಗಬಾರದು ಎಂದು ಅದೇ ನಿಯಮಾವಳಿ ಹೇಳುತ್ತದೆ.

ಸೀಮನ್‌ಶಿಪ್ ವಿಭಾಗ ಅಳಿವೆಯೊಂದರಲ್ಲಿ ನಡೆಯಿತು. ಅಲ್ಲಿಯವರೆಗೆ ನಿಂತ ನೀರಿನಲ್ಲಿ ಕಲಿತಿದ್ದವರಿಗೆ ಉಬ್ಬರ ಇಳಿತವೇ ಮೊದಲ ಅಡಚಣೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಸುಮಾರು ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ ಎಂಬುದು ನಾವಿಕರ ಒರಟು ಲೆಕ್ಕ. ಒಟ್ಟು ಏರಿಕೆ 3.6 ಮೀಟರ್ ಇದ್ದರೆ ಅದರಲ್ಲಿ 1.8 ಮೀಟರ್ ನಡುವಿನ ಎರಡೇ ಗಂಟೆಗಳಲ್ಲಿ ಏರುತ್ತದೆ, ಆಗ ಸೆಳೆತವೂ ಅಷ್ಟೇ ಬಿರುಸಾಗಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇದು ಇನ್ನೂ ಹೆಚ್ಚು. ಸೆಳೆತ ಒಂದು ಕಡೆಗೆ, ಗಾಳಿ ಅದಕ್ಕೆ ಎದುರಾಗಿ ಇದ್ದಾಗ ಅಲೆಗಳು ಗಿಡ್ಡವಾಗಿ ಕಡಿದಾಗಿ ಏಳುತ್ತವೆ. ಬೆಳಿಗ್ಗೆ ಶಾಂತವಾಗಿದ್ದ ಅದೇ ಜಾಗ ಗಾಳಿ ಬದಲಾಗದಿದ್ದರೂ ಮಧ್ಯಾಹ್ನಕ್ಕೆ ಗುರುತು ಸಿಗದಂತಾಗಿತ್ತು. ಆದ್ದರಿಂದ ಹವಾಮಾನದ ಮುನ್ಸೂಚನೆಯನ್ನೂ ಉಬ್ಬರದ ಕೋಷ್ಟಕವನ್ನೂ ಒಟ್ಟಿಗೆ ಓದಬೇಕು. ಗಾಳಿಯ ಬಲವನ್ನು ಹೇಳುವ ಬ್ಯೂಫೋರ್ಟ್ ಮಾಪಕದ 3, ಅಂದರೆ 7ರಿಂದ 10 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು) ಗಾಳಿ, ಕಲಿಯಲು ಹಿತ; 4ಕ್ಕೆ, ಅಂದರೆ 11ರಿಂದ 16 ನಾಟ್‌ಗೆ ಏರಿದರೆ ಬಿಳಿನೊರೆ ಎಲ್ಲೆಡೆ ಕಾಣತೊಡಗುತ್ತದೆ, ಹೊಸಬರು ಹಾಯಿಯನ್ನು ರೀಫ್ ಮಾಡಿ ಕುಗ್ಗಿಸಿಕೊಳ್ಳಬೇಕು. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ದಡದ ಬಳಿ ನೀರು ಕನ್ನಡಿಯಂತಿರುತ್ತದೆ, ಹೊರಡುವುದು ಬಹಳ ಸುಲಭ. ದೂರ ಹೋದಂತೆ ಗಾಳಿಯೂ ಅಲೆಯೂ ಬೆಳೆಯುತ್ತವೆ, ಮರಳುವ ದಾರಿಯೆಲ್ಲ ಗಾಳಿಗೆ ಎದುರು.

ನಿಲ್ಲಿಸುವ ವಿದ್ಯೆ ಇಲ್ಲಿಂದ ಆರಂಭವಾಯಿತು. ಗಾಳಿ ಪಕ್ಕದಿಂದಲೋ ಓರೆಯಾಗಿ ಮುಂದಿನಿಂದಲೋ ಬರುವಾಗ ಹಾಯಿಯ ಹಗ್ಗ ಬಿಟ್ಟರೆ ಹಾಯಿ ಖಾಲಿಯಾಗಿ ದೋಣಿ ನಿಧಾನಿಸುತ್ತದೆ. ಆದರೆ ಗಾಳಿ ಹಿಂದಿನಿಂದ ಬರುತ್ತಿರುವಾಗ ಹಗ್ಗವನ್ನು ಎಷ್ಟೇ ಬಿಟ್ಟರೂ ಬೂಮ್ ಕೂವೆಮರದ ಪಕ್ಕದ ತಂತಿಗೆ ತಾಗಿ ನಿಲ್ಲುತ್ತದೆ, ಹಾಯಿ ಖಾಲಿಯಾಗುವುದೇ ಇಲ್ಲ, ದೋಣಿ ದಡಕ್ಕೆ ಬಡಿಯುವವರೆಗೆ ಓಡುತ್ತಲೇ ಇರುತ್ತದೆ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಉಳಿದ ಕ್ರಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಕಂಬಕ್ಕೋ ತೇಲುಗುಂಡಿಗೋ (ನೀರಿನಡಿಗೆ ಬಿಗಿದು ಮೇಲೆ ತೇಲಬಿಟ್ಟ ಬಾಯ್) ಕಟ್ಟಲು ಹೋಗುವಾಗ ಗಾಳಿ ಓರೆಯಾಗಿ ಮುಂದಿನಿಂದ ಬರುವ ದಾರಿಯಲ್ಲೇ ಸಮೀಪಿಸಬೇಕು. ಹಾಯಿಯನ್ನು ತುಸು ಎಳೆದು, ತುಸು ಬಿಟ್ಟು, ಕೊನೆಯ ಒಂದೆರಡು ದೋಣಿಯುದ್ದ ಬರಿಯ ಉಳಿದ ವೇಗದಿಂದ ತಲುಪಬೇಕು. ಗಾಳಿ ದಡದ ಕಡೆಗೇ ಬೀಸುತ್ತಿದ್ದರೆ ದೂರದಲ್ಲೇ ಮೂತಿಯನ್ನು ಗಾಳಿಗೆ ತಿರುಗಿಸಿ ದೊಡ್ಡ ಹಾಯಿಯನ್ನು ಇಳಿಸಿ, ಜಿಬ್ ಒಂದರಿಂದಲೇ ಮೆಲ್ಲಗೆ ಒಳಬರಬೇಕು. ಒಂದು ತೇಲುಗುಂಡಿಯ ಬಳಿ ದೋಣಿಯನ್ನು ನಿಲ್ಲಿಸುವ ಅಭ್ಯಾಸವನ್ನು ಕೈಗಳು ಸುಸ್ತಾಗುವವರೆಗೆ ಮಾಡಿಸಿದರು. ಸಮೀಪಿಸುವ ಮುನ್ನ ಬೋಧಕರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಈಗ ಹಗ್ಗ ಬಿಟ್ಟರೆ ದೋಣಿ ನಿಲ್ಲುತ್ತದೆಯೇ? ಒಮ್ಮೆ ಬಿಟ್ಟು ನೋಡಿ.” ನಿಲ್ಲದಿದ್ದರೆ ಕೋನ ಸರಿಯಿಲ್ಲ, ಸುತ್ತಿ ಮತ್ತೆ ಬರಬೇಕು.

ಸುಮ್ಮನೆ ನಿಂತಿರುವುದಕ್ಕೂ ಒಂದು ಕ್ರಮವಿದೆ. ಜಿಬ್ ಹಾಯಿಯನ್ನು ತಪ್ಪು ಬದಿಗೆ, ಅಂದರೆ ಗಾಳಿ ಬರುವ ಕಡೆಗೆ ಎಳೆದು ಕಟ್ಟಿ, ದೊಡ್ಡ ಹಾಯಿಯನ್ನು ಸಡಿಲಿಸಿ, ಟಿಲ್ಲರನ್ನು ಗಾಳಿ ಹೋಗುವ ಕಡೆಗೆ ತಳ್ಳಿಟ್ಟರೆ ದೋಣಿ ಅಲೆಗಳ ನಡುವೆಯೂ ಬಹುಮಟ್ಟಿಗೆ ಇದ್ದಲ್ಲೇ ತೂಗುತ್ತದೆ. ನೀರು ಕುಡಿಯಲು, ರೀಫ್ ಮಾಡಲು, ನಕಾಶೆ ನೋಡಲು, ಹೆದರಿದ ಜೊತೆಗಾರರಿಗೆ ಸಮಾಧಾನ ಹೇಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಇದನ್ನು ಮೊದಲ ಹಂತದಲ್ಲೇ ಕಲಿಸಬೇಕೆಂಬುದು ನನ್ನ ಬಲವಾದ ಅನಿಸಿಕೆ. ಲಂಗರು ಹಾಕುವುದನ್ನೂ ಇದೇ ದಿನ ಕಲಿತೆವು: ನೀರಿನ ಆಳದ ಐದಾರು ಪಟ್ಟು ಹಗ್ಗ ಬಿಡಬೇಕು, ಆಮೇಲೆ ದಡದ ಮೇಲೆ ಒಂದರ ಹಿಂದೆ ಒಂದಿರುವ ಎರಡು ಗುರುತುಗಳನ್ನು ನೋಡುತ್ತಿರಬೇಕು, ಅವು ಒಂದರ ನೇರದಿಂದ ಇನ್ನೊಂದು ಸರಿಯತೊಡಗಿದರೆ ಲಂಗರು ನೆಲ ಕಚ್ಚಿಲ್ಲ.

ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವ ಪಾಠ ಇಡೀ ತರಬೇತಿಯ ತಿರುಳು. ನೀರು ತುಂಬಿದ ಡಬ್ಬಿಗೆ ತೇಲು ಕಟ್ಟಿದ ಗೊಂಬೆಯನ್ನು ಬೋಧಕರು ಹೇಳದೆ ಕೇಳದೆ ಹೊರಗೆಸೆಯುತ್ತಿದ್ದರು. ತಕ್ಷಣ ಅದರ ಕಡೆಗೆ ತಿರುಗಬೇಕೆಂದು ಮನಸ್ಸು ಒತ್ತಾಯಿಸುತ್ತದೆ, ಆದರೆ ಕಲಿಸುವುದು ದೂರ ಹೋಗಲು. ಗಾಳಿಯನ್ನು ಪಕ್ಕಕ್ಕೆ ತೆಗೆದುಕೊಂಡು ಕೆಲವು ದೋಣಿಯುದ್ದ ಸಾಗಿ, ಜೈಬ್ ಬಿಟ್ಟು ಟ್ಯಾಕ್ ಮಾಡಿ, ಗಾಳಿ ಹೋಗುವ ಕಡೆಗೆ ಸ್ವಲ್ಪ ಇಳಿದು, ಆ ಓರೆಗಾಳಿಯ ದಾರಿಯಲ್ಲಿ ಗಾಳಿ ಬರುವ ಕಡೆಗೆ ಏರುತ್ತ ಬಂದು, ಹಾಯಿಗಳನ್ನು ಬಿಟ್ಟು, ವ್ಯಕ್ತಿ ಗಾಳಿ ಬರುವ ಬದಿಯಲ್ಲಿ ಕೂವೆಮರದ ತಂತಿಯ ಬಳಿಗೆ ಬರುವಂತೆ ನಿಲ್ಲಿಸಬೇಕು. ಆ ಬದಿಯೇ ಏಕೆಂದರೆ ಹಾಯಿ ಬೂಮ್‌ಗಳೆಲ್ಲ ಆಚೆ ಬದಿಗೆ ಹೋಗಿರುತ್ತವೆ, ಮೇಲೆತ್ತುವಾಗಿನ ಭಾರಕ್ಕೆ ದೋಣಿ ಅವರ ಮೇಲೆಯೇ ಮಗುಚುವ ಅಪಾಯ ಕಡಿಮೆ. ಈ ಸುತ್ತಿನ ಉದ್ದಕ್ಕೂ ಬಿದ್ದವರ ಮೇಲಿಂದ ಕಣ್ಣು ತೆಗೆಯಬಾರದು. ಸಣ್ಣ ಅಲೆಯ ನಡುವೆಯೂ ಒಂದು ತಲೆ ಎಷ್ಟು ಬೇಗ ಮರೆಯಾಗುತ್ತದೆ ಎಂಬುದನ್ನು ನೋಡಿ ನಾನು ತಣ್ಣಗಾದೆ. ಗೊಂಬೆಯ ಬದಲು ನನ್ನ ಜೊತೆಗಾರರೇ ನೀರಿನಲ್ಲಿದ್ದಾರೆಂಬ ಯೋಚನೆ ಬಂದಾಗ ಕೈ ನಡುಗಿದ್ದು ನಿಜ. ಭುಜದ ಪಟ್ಟಿಗಳನ್ನು ಹಿಡಿದು, ಒಮ್ಮೆ ಕೆಳಕ್ಕೊತ್ತಿ, ಆ ತೇಲುವಿಕೆಯ ಪುಟಿತದ ಜೊತೆಗೇ ಹಿಂದಕ್ಕೆ ಬಿದ್ದು ಒಳಗೆಳೆದುಕೊಳ್ಳಬೇಕು. ಒದ್ದೆ ಬಟ್ಟೆಯ ವಯಸ್ಕರನ್ನು ಬರಿಯ ತೋಳಿನ ಬಲದಿಂದ ಎತ್ತಲಾಗುವುದಿಲ್ಲ.

ಕೊನೆಯಲ್ಲಿ ಚುಕ್ಕಾಣಿಯನ್ನೇ ಕಳಚಿ ಒಳಗಿಟ್ಟು ದೋಣಿ ನಡೆಸುವುದು. ಸೆಂಟರ್‌ಬೋರ್ಡನ್ನು ಅರ್ಧ ಎತ್ತಿಟ್ಟು, ದೊಡ್ಡ ಹಾಯಿ ಎಳೆದರೆ ಮೂತಿ ಗಾಳಿಯ ಕಡೆಗೆ, ಜಿಬ್ ಎಳೆದರೆ ಗಾಳಿಯಿಂದಾಚೆಗೆ; ದೋಣಿಯನ್ನು ಗಾಳಿ ಹೋಗುವ ಕಡೆಗೆ ವಾಲಿಸಿದರೆ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ, ಗಾಳಿ ಬರುವ ಕಡೆಗೆ ವಾಲಿಸಿದರೆ ಗಾಳಿಯಿಂದಾಚೆಗೆ ತಿರುಗುತ್ತದೆ. ಹಿಮ್ಮುಖವಾಗಿ ಸಾಗುವುದನ್ನೂ ಮಾಡಿಸಿದರು, ಅಲ್ಲಿ ಚುಕ್ಕಾಣಿಯ ಪರಿಣಾಮ ತಲೆಕೆಳಗಾಗುತ್ತದೆ. ಇವು ಸರ್ಕಸ್ಸಿನಂತೆ ಕಂಡರೂ ಚುಕ್ಕಾಣಿ ಮುರಿದ ದಿನ ಮನೆ ಸೇರಿಸುವುದು ಇವೇ.

ಖರ್ಚಿನ ಬಗ್ಗೆ ಎರಡು ಮಾತು. ಶುಲ್ಕಕ್ಕಿಂತ ಹೆಚ್ಚು ಹಣ ಹೋಗುವುದು ತರಗತಿಗಳ ನಡುವಿನ ಅಭ್ಯಾಸಕ್ಕೆ ಗಂಟೆಯ ಲೆಕ್ಕದಲ್ಲಿ ದೋಣಿ ಬಾಡಿಗೆ ಪಡೆದಾಗ. ಕ್ಲಬ್ಬಿನ ಸದಸ್ಯತ್ವ ಬಹಳ ಸಲ ಅದಕ್ಕಿಂತ ಅಗ್ಗ. ಪಂದ್ಯಕ್ಕೆ ಹೋಗುವ ದೋಣಿಗಳವರು ಜಿಬ್ ನೋಡಿಕೊಳ್ಳುವ ಜೊತೆಗಾರರಿಗಾಗಿ ಸದಾ ಹುಡುಕುತ್ತಿರುತ್ತಾರೆ, ನಾನು ಹಾಗೆ ಖರ್ಚಿಲ್ಲದೆ ಬಹಳ ಹೊತ್ತು ನೀರಿನಲ್ಲಿ ಕಳೆದೆ. ಹಳೆಯ ದೋಣಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವ ಮುನ್ನ ಟ್ರೇಲರ್, ನಿಲ್ಲಿಸುವ ಜಾಗ, ವಿಮೆ, ಹೊಸ ಹಾಯಿ ಇವುಗಳ ಲೆಕ್ಕ ಹಾಕಿ, ಮತ್ತು ಗಾಳಿತೊಟ್ಟಿಯ ಬಿರಡೆ ಬಿಚ್ಚಿ ಒಳಗೆ ನೀರಿದೆಯೇ ನೋಡಿ.

ಕೊನೆಯ ಪರೀಕ್ಷೆ ಎಂಬುದು ಪ್ರತ್ಯೇಕವಾಗಿ ಇರಲಿಲ್ಲ. ಬೋಧಕರು ದಿನವಿಡೀ ನೋಡುತ್ತಿದ್ದು, ಪಠ್ಯಕ್ರಮದ ಒಂದೊಂದು ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ಗುರುತು ಹಾಕಿ, ಎಲ್ಲ ಮುಗಿದ ಮೇಲೆ ಸಹಿ ಮಾಡಿ ಪ್ರಮಾಣಪತ್ರ ಕೊಟ್ಟರು. ಯಾವುದಾದರೂ ಒಂದು ಬಾಕಿ ಉಳಿದರೆ ಅದನ್ನಷ್ಟೇ ಇನ್ನೊಂದು ದಿನ ಬಂದು ಪೂರೈಸಬಹುದು. ನನ್ನ ತಂಡದಲ್ಲಿ ಒಬ್ಬರು ಹಾಗೆಯೇ ಮಾಡಿದರು. ದೋಣಿ ಬಾಡಿಗೆಗೆ ಕೊಡುವವರು ಪ್ರಮಾಣಪತ್ರದ ಜೊತೆಗೆ ಲಾಗ್‌ಬುಕ್ಕಿನ ಪುಟಗಳನ್ನೂ ನೋಡುತ್ತಾರೆ, ಈಚೆಗೆ ಯಾವಾಗ, ಎಷ್ಟು ಗಾಳಿಯಲ್ಲಿ ನಡೆಸಿದ್ದೀರಿ ಎಂದು ಕೇಳುತ್ತಾರೆ. ಆದ್ದರಿಂದ ದಿನಾಂಕ, ಗಾಳಿಯ ಬಲ, ಉಬ್ಬರದ ಸ್ಥಿತಿ, ದೋಣಿಯ ಮಾದರಿ, ಅಂದು ಮಾಡಿದ ಕೆಲಸ, ಇವನ್ನು ದಡಕ್ಕೆ ಬಂದ ದಿನವೇ ಬರೆದು, ಜೊತೆಗಿದ್ದ ಬೋಧಕರ ಸಹಿಯನ್ನು ಅಲ್ಲೇ ಪಡೆದುಕೊಳ್ಳಿ.